ಗುಜರಿಯ ಏರ್‌ಗನ್: ವಾಷರ್ ಮುಗಿಯಿತು, ಕಟ್ಟಿಗೆಯ ಬಟ್ ಅರ್ಧ ಆಯಿತು

ಬ್ಯಾರೆಲ್ ಬಗ್ಗಿಸಿ ಒಂದೊಂದೇ ಪೆಲೆಟ್ (ಸಣ್ಣ ಗುಂಡು) ಹಾಕುವ ಹಳೆ ಸ್ಪ್ರಿಂಗ್ ಗನ್ನು; ಸ್ಪ್ರಿಂಗ್ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಒತ್ತಿದ ಗಾಳಿ ಪೆಲೆಟ್ ಹಾರಿಸುತ್ತದೆ. ಬೋರ್, ಅಂದರೆ ಬ್ಯಾರೆಲ್ಲಿನ ಒಳವ್ಯಾಸ, 4.5 ಮಿ.ಮೀ. ಸಿಲಿಂಡರ್, ಬ್ಯಾರೆಲ್, ಟ್ರಿಗರ್ ಗಟ್ಟಿ ಇವೆ. ಭುಜಕ್ಕೆ ಒತ್ತಿ ಹಿಡಿಯುವ ಕಟ್ಟಿಗೆಯ ಬಟ್ ಇಲ್ಲವೇ ಇಲ್ಲ. ಗಾಳಿ ಸೋರದಂತೆ ತಡೆಯುವ ಪಿಸ್ಟನ್ನಿನ ಚರ್ಮದ ವಾಷರ್ ಒಣಗಿ ಹಪ್ಪಳವಾಗಿತ್ತು. ಇಂಥದ್ದಕ್ಕೆ ಬೆಳಗಾವಿಯಲ್ಲಿ ಯಾರನ್ನು ಕೇಳಿದರೂ ಸಿಗುವ ಸಲಹೆ, 'ದಪ್ಪ ಸ್ಪ್ರಿಂಗ್ ಹಾಕ್ರಿ'. ಹಾಕಬಾರದು. ಸೋರುವ ಗಾಳಿ ಸೋರುತ್ತಲೇ ಇರುತ್ತದೆ, ಪಿಸ್ಟನ್ ಮಾತ್ರ ಸಿಲಿಂಡರಿನ ತುದಿಗೆ ಬಡಿದು ಬಡಿದು ಟ್ರಿಗರಿನ ಕೊಂಡಿಯನ್ನೂ ಸವೆಸುತ್ತದೆ.

ಬಿಚ್ಚುವಾಗ ಬಡಿಗರ ಉದ್ದನೆ ಕ್ಲ್ಯಾಂಪ್ ಬೇಕೇ ಬೇಕು. ಪಿನ್ ತೆಗೆದ ಮೇಲೂ ಸ್ಪ್ರಿಂಗಿನಲ್ಲಿ ಒತ್ತಡ ಉಳಿದಿರುತ್ತದೆ, ಬರಿಗೈಲಿ ಹಿಡಿದರೆ ಮುಖಕ್ಕೇ ಹಾರುತ್ತದೆ.

ವಾಷರಿಗೆ ಅಥಣಿಯ ಚಪ್ಪಲಿ ಚರ್ಮ ತಂದದ್ದು, 3 ಮಿ.ಮೀ. ದಪ್ಪ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಈ ಎಮ್ಮೆ ಚರ್ಮ ಒದ್ದೆಯಲ್ಲಿ ಹೇಳಿದ ಆಕಾರಕ್ಕೆ ಬರುತ್ತದೆ, ಒಣಗಿದ ಮೇಲೆ ಆಕಾರ ಬಿಡುವುದಿಲ್ಲ. ಸಿಲಿಂಡರಿನ ಒಳವ್ಯಾಸ 25 ಮಿ.ಮೀ. ಹಾಗಾಗಿ ಲೇತಿನಲ್ಲಿ 25 ಮಿ.ಮೀ. ತೂತಿನ ಅಚ್ಚು, ಚರ್ಮವನ್ನು ಅದರೊಳಗೆ ಒತ್ತಲು 19 ಮಿ.ಮೀ. ದುಂಡನೆ ಸರಳು, ಚರ್ಮದ ಬಿಲ್ಲೆ 40 ಮಿ.ಮೀ. ಮೊದಲ ಬಿಲ್ಲೆ ಕೆಟ್ಟಿತು: ಬೇಗ ಮೆತ್ತಗಾಗಲೆಂದು ಕುದಿ ನೀರಿಗೆ ಹಾಕಿದ್ದರಿಂದ ಮುದುಡಿ ಕಲ್ಲಾಯಿತು. ಎರಡನೆಯದು ತಣ್ಣೀರಲ್ಲಿ ಒಂದು ತಾಸು ನೆನೆದು ಅಚ್ಚಿನಲ್ಲೇ ಎರಡು ದಿನ ನೆರಳಲ್ಲಿ ಒಣಗಿತು. ಹೀಗೆ ಬಟ್ಟಲಾದ ವಾಷರಿನ ಬಾಯಿ ಮುಂದಕ್ಕಿರಬೇಕು. ಗಾಳಿಯೇ ಅಂಚನ್ನು ಗೋಡೆಗೆ ಒತ್ತುತ್ತದೆ. ಎಣ್ಣೆ ಕುಡಿಸಿ, ಹೆಚ್ಚಾದದ್ದನ್ನು ಒರೆಸಿಯೇ ಕೂರಿಸಬೇಕು. ಉಳಿದ ಎಣ್ಣೆ ಒತ್ತಡದ ಬಿಸಿಗೆ ಡೀಸೆಲ್ ಎಂಜಿನ್ನಿನಂತೆ ಹೊತ್ತಿ ಢಂ ಅನ್ನುತ್ತದೆ, ಹೊಗೆಯೂ ಬರುತ್ತದೆ.

ಬ್ಯಾರೆಲ್ ಕೂಡುವ ಜಾಗದ ಮೇಲೆ ತೆಳ್ಳನೆ ಕಾಗದದ ಚೂರಿಟ್ಟು ಹೊಡೆದು ನೋಡಿದೆವು, ಅಲ್ಲಾಡಲಿಲ್ಲ, ಅಂದರೆ ಅಲ್ಲಿ ಗಾಳಿ ಸೋರುತ್ತಿಲ್ಲ. 0.52 ಗ್ರಾಂ ಪೆಲೆಟ್ ಈಗ ಸೆಕೆಂಡಿಗೆ 170 ಮೀಟರ್, ಅಂದರೆ ಸುಮಾರು 7.5 ಜೂಲ್. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಏರ್‌ಗನ್ನಿಗೆ ಇರುವ 20 ಜೂಲ್ ಗಡಿ ಬಹಳ ದೂರ. ಡಬ್ಬಿಗೆ ಗುರಿ ಇಡಲು ಇಷ್ಟು ಸಾಕು.

ಗನ್ನಿನ ಬಟ್‌ಗೆ ಬಳಸಿದ್ದು ಕೆಡವಿದ ಮನೆಯ ಸಾಗವಾನಿ ಚೌಕಟ್ಟು. ಹೊಸ ಕಟ್ಟಿಗೆ ಮಳೆಗಾಲಕ್ಕೊಂದು ಬೇಸಿಗೆಗೊಂದು ಅಳತೆ ತೋರಿಸುತ್ತದೆ. ಮ್ಯಾಗ್ನೆಟ್ ಆಡಿಸಿದರೆ ಒಳಗೆ ಎರಡು ಮುರಿದ ಮೊಳೆ, ಇಲ್ಲದಿದ್ದರೆ ಉಳಿಯ ಬಾಯಿ ಹೋಗುತ್ತಿತ್ತು. ಹೆಬ್ಬೆರಳು ಹಿಡಿಯುವ ಸಣ್ಣ ಕುತ್ತಿಗೆಯಲ್ಲಿ ಎಳೆ ಉದ್ದುದ್ದ ಹರಿಯಲೇಬೇಕು; ಅಡ್ಡ ಬಂದರೆ ಒಮ್ಮೆ ಕೈಜಾರಿ ಬಿದ್ದರೂ ಅಲ್ಲೇ ಎರಡು ತುಂಡು.

ಸಿಲಿಂಡರ್ ಕೂರುವ ಕಾಲುವೆಗೆ ದೀಪದ ಕಾಡಿಗೆಯೇ ಗುರುತು. ಲೋಹಕ್ಕೆ ತೆಳ್ಳಗೆ ಸವರಿ, ಒತ್ತಿ, ಎತ್ತಿ, ಕಪ್ಪಾದಲ್ಲಷ್ಟೇ ಉಳಿ ಆಡಿಸುವುದು. ಇಪ್ಪತ್ತು ಸಲವಾದರೂ ಆಗಿರಬೇಕು. ಮುಂದಿನ ಎರಡು ಸ್ಕ್ರೂ ತೂತಿಗೆ ಅರಾಲ್ಡೈಟ್ ಅಂಟು ತುಂಬಿ ಮತ್ತೆ ಕೊರೆದಿದ್ದೇವೆ, ಸ್ಪ್ರಿಂಗ್ ಗನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿ ಸ್ಕ್ರೂ ಸಡಿಲಿಸುತ್ತದೆ.

ಈಗ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆಯ ಎರಡನೇ ಕೋಟ್ ಒಣಗುತ್ತಿದೆ. ಈ ಜಡಿಮಳೆಯಲ್ಲಿ ಒಂದು ಕೋಟಿಗೆ ನಾಲ್ಕು ದಿನ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಬಿಡಿಸಿ ಹರವಬೇಕು. ಇನ್ನು ಮೂರು ಕೋಟ್ ಬಾಕಿ.