ಅಂತರರಾಷ್ಟ್ರೀಯ ಸಂಬಂಧಗಳಿಗೆ ಬೇರೆಯೇ ಒಂದು ಶಾಸ್ತ್ರ ಬೇಕಿತ್ತೇ?

ನನ್ನ ಓದಿನ ವಿಷಯ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು: "ಇತಿಹಾಸವಿದೆ, ಕಾನೂನಿದೆ, ರಾಜ್ಯಶಾಸ್ತ್ರವಿದೆ. ದೇಶಗಳ ನಡುವಿನ ವ್ಯವಹಾರ ತಿಳಿಯಲು ಅಷ್ಟು ಸಾಲದೇ?"

ಮೊದಲ ಮಹಾಯುದ್ಧ ಕಂಡ ತಲೆಮಾರಿಗೆ ಅದು ಸಾಲದೆನಿಸಿತು. 1919ರಲ್ಲಿ ವೇಲ್ಸ್‌ನ ಸಿರಿವಂತ ರಾಜಕಾರಣಿ ಡೇವಿಡ್ ಡೇವಿಸ್ ಮತ್ತು ಅವರ ಇಬ್ಬರು ತಂಗಿಯರು, ಯುದ್ಧಕ್ಕೆ ಬಲಿಯಾದ ವಿದ್ಯಾರ್ಥಿಗಳ ನೆನಪಿಗಾಗಿ ಅಲ್ಲಿನ ಅಬರಿಸ್ಟ್ವಿತ್ ವಿದ್ಯಾಲಯದಲ್ಲಿ ಈ ವಿಷಯದ ಅಧ್ಯಯನ ಪೀಠಕ್ಕೆ ದತ್ತಿ ಇಟ್ಟರು. ಅದಕ್ಕೆ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಹೆಸರು. ಆಲ್ಫ್ರೆಡ್ ಜಿಮ್ಮರ್ನ್ ಅದರ ಮೊದಲ ಪ್ರಾಧ್ಯಾಪಕ. ಇಂಥ ಯುದ್ಧ ಮತ್ತೆ ಆಗದಂತೆ ತಡೆಯುವ ದಾರಿಯನ್ನು ವಿದ್ಯೆಯಿಂದ ಕಂಡುಕೊಳ್ಳಬಹುದು ಎಂಬ ನಂಬಿಕೆ ಅದರ ಹಿಂದಿತ್ತು.

ಆ ನಂಬಿಕೆಯನ್ನು ಅತ್ಯಂತ ಕಟುವಾಗಿ ಪರೀಕ್ಷಿಸಿದವರು 1936ರಲ್ಲಿ ಅದೇ ಪೀಠಕ್ಕೆ ಬಂದ ಬ್ರಿಟಿಷ್ ವಿದ್ವಾಂಸ ಇ. ಎಚ್. ಕಾರ್. ಶಕ್ತಿಯ ಲೆಕ್ಕ ಬಿಟ್ಟು ಬರಿಯ ಸದಾಶಯದ ಮೇಲೆ ಶಾಂತಿ ಕಟ್ಟಲಾಗದು ಎಂದು ವಾದಿಸಿದ ಅವರ ಪುಸ್ತಕ 'ದಿ ಟ್ವೆಂಟಿ ಇಯರ್ಸ್ ಕ್ರೈಸಿಸ್' ಅಚ್ಚಿನಲ್ಲಿದ್ದಾಗಲೇ ಎರಡನೇ ಮಹಾಯುದ್ಧ ಶುರುವಾಯಿತು. ಕಾರ್ ಆದರ್ಶವನ್ನು ಪೂರ್ತಿ ತಳ್ಳಿಹಾಕಿದರೆಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಆದರ್ಶವಿಲ್ಲದ ರಾಜಕೀಯ ಚಿಂತನೆಗೆ ಗುರಿಯೇ ಇರುವುದಿಲ್ಲ ಎಂಬ ಮಾತೂ ಅದೇ ಪುಸ್ತಕದಲ್ಲಿದೆ.

ಈ ಶಾಸ್ತ್ರಕ್ಕೆ ತನ್ನದೇ ಆದ ಪ್ರಶ್ನೆಯೊಂದಿದೆ. ದೇಶದೊಳಗೆ ಜಗಳವಾದರೆ ನ್ಯಾಯಾಲಯ, ಪೊಲೀಸ್ ಇದ್ದಾರೆ. ದೇಶಗಳ ಮೇಲೆ ಅಂಥ ಒಡೆಯನಿಲ್ಲ. ಹಾಗಿದ್ದೂ ಅವು ಯಾವಾಗ ಕಾದಾಡುತ್ತವೆ, ಯಾಕೆ ಬಹುಪಾಲು ಒಪ್ಪಂದಗಳನ್ನು ಪಾಲಿಸುತ್ತವೆ? ಅಮೆರಿಕದ ವಿದ್ವಾಂಸ ಕೆನೆತ್ ವಾಲ್ಟ್ಸ್ 1979ರಲ್ಲಿ ಈ ಒಡೆಯನಿಲ್ಲದ ಸ್ಥಿತಿಯನ್ನೇ ಸಿದ್ಧಾಂತದ ಬುನಾದಿ ಮಾಡಿಕೊಂಡರು. ಆ ಸ್ಥಿತಿಗೆ ಅರ್ಥ ಕೊಡುವುದು ರಾಷ್ಟ್ರಗಳ ನಡವಳಿಕೆಯೇ ಎಂದು 1992ರಲ್ಲಿ ಇನ್ನೊಬ್ಬ ವಿದ್ವಾಂಸ ಅಲೆಕ್ಸಾಂಡರ್ ವೆಂಡ್ಟ್ ಉತ್ತರಿಸಿದರು.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಉತ್ತರ ಅರೆಬರೆ. 1919ಕ್ಕೂ ಮುಂಚೆ, 1910ರಲ್ಲೇ, ಅಮೆರಿಕದಲ್ಲಿ 'ಜರ್ನಲ್ ಆಫ್ ರೇಸ್ ಡೆವಲಪ್‌ಮೆಂಟ್' ಎಂಬ ಪತ್ರಿಕೆ ಹೊರಡುತ್ತಿತ್ತು. 'ಹಿಂದುಳಿದ' ಜನಾಂಗಗಳನ್ನು ಆಳುವುದು, ತಿದ್ದುವುದು ಹೇಗೆಂಬ ಚರ್ಚೆ ಅದರ ಪುಟಗಳಲ್ಲಿ ನಡೆಯುತ್ತಿತ್ತು. ವಸಾಹತುಶಾಹಿಯನ್ನು ಖಂಡಿಸಿದ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರೂ ಅಲ್ಲಿ ಬರೆದರು. 1919ರಲ್ಲಿ ಅದು 'ಜರ್ನಲ್ ಆಫ್ ಇಂಟರ್‌ನ್ಯಾಷನಲ್ ರಿಲೇಷನ್ಸ್' ಆಯಿತು; 1922ರಲ್ಲಿ 'ಫಾರಿನ್ ಅಫೇರ್ಸ್' ಪತ್ರಿಕೆಯಲ್ಲಿ ಲೀನವಾಯಿತು. ಶಾಂತಿಯ ಹಂಬಲದಷ್ಟೇ ಸಾಮ್ರಾಜ್ಯದ ಆಡಳಿತವೂ ಈ ಶಾಸ್ತ್ರದ ಬೇರಿನಲ್ಲಿದೆ. ಪಠ್ಯಗಳು ಮೊದಲನೆಯದನ್ನಷ್ಟೇ ಹೇಳಿಕೊಂಡು ಬಂದದ್ದು ನನಗೆ ದೊಡ್ಡ ಅನ್ಯಾಯವೆನಿಸುತ್ತದೆ. ಆಗ ಜಗತ್ತಿನ ಬಹುಪಾಲು ಜನ ಬದುಕುತ್ತಿದ್ದದ್ದು ಸಾರ್ವಭೌಮ ರಾಷ್ಟ್ರಗಳಲ್ಲಿ ಅಲ್ಲ, ಸಾಮ್ರಾಜ್ಯಗಳಲ್ಲಿ.

ಹಾಗಾಗಿ, ಬೇರೆ ಶಾಸ್ತ್ರ ಬೇಕೇ ಎಂದು ಕೇಳುವವರಿಗೆ ಬೇಕು ಎನ್ನುತ್ತೇನೆ. ಎಲ್ಲಿಂದ ಓದಲಿ ಎಂದರೆ ಕಾರ್ ಜೊತೆಗೆ ಮರ್ಜ್ ಟೇಟ್ ಅವರ ಹೆಸರನ್ನೂ ಹೇಳುತ್ತೇನೆ. ಆಕ್ಸ್‌ಫರ್ಡ್‌ನಲ್ಲಿ ಓದಿ, ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಕಲಿಸಿದ ಈ ಕಪ್ಪು ವಿದ್ವಾಂಸೆ ನಿಶ್ಶಸ್ತ್ರೀಕರಣದ ಇತಿಹಾಸವನ್ನು 1942ರಲ್ಲೇ ಪುಸ್ತಕವಾಗಿ ಪ್ರಕಟಿಸಿದ್ದರು.