ಸ್ಟೀವನ್ಸ್ ಪಾಸ್‌ನಲ್ಲಿ ಗೆಳೆಯರ ಜೊತೆ ಒಂದು ಸ್ಕೀ ದಿನ

ಸಿಯಾಟಲ್ ಕಡೆ ಇರುವವರಿಗೆ ಸ್ಕೀ ಮಾಡೋಕೆ ಬೆಟ್ಟಗಳು ಬೇಕಾದಷ್ಟಿವೆ. ಸ್ನೋಕ್ವಾಲ್ಮಿ ಹತ್ತಿರ. ಕ್ರಿಸ್ಟಲ್ ಮೌಂಟನ್ ದೊಡ್ಡದು. ಆದರೂ ಚಳಿಗಾಲ ಬಂತೆಂದರೆ ನಮ್ಮ ಕಾರು ತಿರುಗೋದು ಸ್ಟೀವನ್ಸ್ ಪಾಸ್ ಕಡೆಗೇ (ಪಾಸ್ ಅಂದರೆ ಬೆಟ್ಟಸಾಲು ದಾಟುವ ದಾರಿ). ನಾನು ಸ್ಕೀ ಮೇಲೆ ನಿಲ್ಲೋದು ಕಲಿತದ್ದು ಅಲ್ಲಿ. ಯಾವ ತಿರುವಿನಲ್ಲಿ ಬೆಳಗ್ಗೆ ಐಸ್ ಇರುತ್ತದೆ, ಯಾವ ಮರದ ಸಾಲಿನ ಮರೆಯಲ್ಲಿ ಗಾಳಿ ತಟ್ಟೋದಿಲ್ಲ ಅನ್ನೋದು ಈಗ ಕಾಲಿಗೇ ಗೊತ್ತು. ಇಲ್ಲಿ ಥಳಕು ಇಲ್ಲ. ಹೆದ್ದಾರಿ ಪಕ್ಕ ಕಾರು ನಿಲ್ಲಿಸಿ, ಬೂಟು ಹಾಕಿಕೊಂಡು ಸ್ವಲ್ಪ ನಡೆದರೆ ಲಿಫ್ಟ್, ಅಂದರೆ ಬೆಟ್ಟದ ಮೇಲಕ್ಕೆ ಒಯ್ಯುವ ತೂಗುಕುರ್ಚಿಗಳ ಸಾಲು, ಸಿಗುತ್ತದೆ. 1937ರ ಚಳಿಗಾಲದಲ್ಲಿ ಡಾನ್ ಆಡಮ್ಸ್ ಮತ್ತು ಬ್ರೂಸ್ ಕೆರ್ ಅನ್ನುವ ಇಬ್ಬರು ಫೋರ್ಡ್ ಎಂಜಿನ್‌ನಿಂದ ಓಡುವ ಹಗ್ಗ ಹಾಕಿ ಜನರನ್ನು ಮೇಲಕ್ಕೆ ಎಳೆಯೋಕೆ ಶುರುಮಾಡಿದ ಜಾಗ ಇದು. ಇವತ್ತಿಗೂ ಒಂದು ಲಿಫ್ಟ್‌ನ ಹೆಸರು ಕೆರ್ಸ್.

ಫೆಬ್ರವರಿಯ ಒಂದು ಶನಿವಾರ ಐದು ಜನ ಹೋಗಿದ್ದೆವು. ಇಬ್ಬರು ಎಂಥ ಇಳಿಜಾರಿನಲ್ಲೂ ಸಲೀಸಾಗಿ ಇಳಿಯುವವರು. ನಾನು ಮತ್ತು ಇನ್ನೊಬ್ಬ ನಡುಮಟ್ಟ. ಐದನೆಯವಳು ಅಲ್ಲಿಯವರೆಗೆ ಸ್ಕೀ ಮುಟ್ಟಿಯೇ ಇರಲಿಲ್ಲ. ಇಂಥ ಬೆರಕೆ ಗುಂಪು ಕಟ್ಟಿಕೊಂಡು ಹೋಗುವವರು ತುಂಬ ಜನ ಇರುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನ್ನ ಪ್ರಕಾರ ಆ ದಿನ ಚೆನ್ನಾಗಿ ಆಗೋದು ಬಿಡೋದು ಎರಡು ತೀರ್ಮಾನಗಳ ಮೇಲಿದೆ: ಎಷ್ಟು ಹೊತ್ತಿಗೆ ರಸ್ತೆಗೆ ಇಳಿಯುತ್ತೀರಿ, ಮತ್ತು ಬೆಟ್ಟ ತಲುಪಿದ ಮೇಲೆ ಗುಂಪನ್ನು ಹೇಗೆ ಬಿಡಿಸುತ್ತೀರಿ.

ಮೊದಲು ರಸ್ತೆ ವಿಷಯ. ಸಿಯಾಟಲ್‌ನಿಂದ ಸುಮಾರು 80 ಮೈಲಿ. ರಸ್ತೆ ಖಾಲಿ ಇದ್ದರೆ ಎರಡು ಗಂಟೆ ಸಾಕು, ಆದರೆ ಶನಿವಾರ ಭಾನುವಾರ ಅದು ಖಾಲಿ ಇರೋದಿಲ್ಲ. ಮನ್ರೋ ದಾಟಿದ ಮೇಲೆ ಯುಎಸ್ 2 ಹೆದ್ದಾರಿ ಬಹುಪಾಲು ಆ ಕಡೆಗೊಂದು, ಈ ಕಡೆಗೊಂದು ಲೇನ್ ಅಷ್ಟೆ. ಸುಲ್ತಾನ್, ಗೋಲ್ಡ್ ಬಾರ್ ಊರುಗಳ ಒಳಗಿಂದಲೇ ಹೋಗಬೇಕು. ನಾವು ಬೆಳಗ್ಗೆ ಐದೂವರೆಗೆ ಹೊರಟೆವು. ಯಾರಾದರೂ "ಏಳಕ್ಕೆ ಹೊರಟರೆ ಸಾಲಲ್ವಾ?" ಅಂದರೆ ಒಪ್ಪಬೇಡಿ. ಏಳಕ್ಕೆ ಹೊರಟವರು ಪಾರ್ಕಿಂಗ್ ಹುಡುಕುವ ಹೊತ್ತಿಗೆ ಬೇಗ ಹೊರಟವರು ಎರಡು ಮೂರು ಸಲ ಇಳಿದಾಗಿರುತ್ತದೆ. ಪೆಟ್ರೋಲ್ ಮನ್ರೋದಲ್ಲೇ ತುಂಬಿಸಿಕೊಳ್ಳಿ. ಮೇಲೆ ರಸ್ತೆ ಮುಚ್ಚಿದರೆ ಎಂಜಿನ್ ಆನ್ ಇಟ್ಟುಕೊಂಡು ಗಂಟೆಗಟ್ಟಲೆ ನಿಲ್ಲಬೇಕಾಗಬಹುದು. ನಡುನಡುವೆ ಫೋನ್ ಸಿಗ್ನಲ್ ಹೋಗುತ್ತದೆ, ಅದಕ್ಕೇ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಂಡಿರಿ.

ಹೊರಡುವ ಮುಂಚೆ ವಾಷಿಂಗ್ಟನ್ ರಾಜ್ಯದ ಸಾರಿಗೆ ಇಲಾಖೆಯ ಪಾಸ್ ರಿಪೋರ್ಟ್ ನೋಡಲೇಬೇಕು. ಅದರಲ್ಲಿ ಕ್ಯಾಮೆರಾ ಚಿತ್ರಗಳೂ ಇರುತ್ತವೆ. ದಾರಿಯ ಬೋರ್ಡ್ ಮೇಲೆ ಟ್ರ್ಯಾಕ್ಷನ್ ಟೈರ್ (ಹಿಮದಲ್ಲಿ ಹಿಡಿತ ಕೊಡುವ ಟೈರ್) ಇದ್ದರೆ ಒಳ್ಳೆಯದು, ಟ್ರ್ಯಾಕ್ಷನ್ ಟೈರ್ ಕಡ್ಡಾಯ, ಚೈನ್ (ಜಾರದಂತೆ ಟೈರಿಗೆ ಸುತ್ತುವ ಸರಪಳಿ) ಕಡ್ಡಾಯ ಅಂತ ಮೂರು ಮಟ್ಟದ ಸೂಚನೆ ಬರುತ್ತದೆ. ಚೈನ್ ಕಡ್ಡಾಯ ಅಂದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರುಗಳಿಗೆ ಚೈನ್ ಹಾಕೋದರಿಂದ ವಿನಾಯಿತಿ ಇದೆ. ಆದರೆ ಡಿಕ್ಕಿಯಲ್ಲಿ ಚೈನ್ ಇಟ್ಟುಕೊಂಡಿರಲೇಬೇಕು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಚೈನ್ ಹಾಕೋದನ್ನು ಮನೆ ಮುಂದೆ, ಒಣನೆಲದ ಮೇಲೆ, ಬೆಳಕಿದ್ದಾಗ ಒಂದು ಸಲ ಕಲಿತುಕೊಳ್ಳಿ. ಕತ್ತಲಲ್ಲಿ, ಒದ್ದೆ ಹಿಮದ ಮೇಲೆ ಮಂಡಿಯೂರಿ, ಪಕ್ಕದಲ್ಲೇ ಲಾರಿಗಳು ಹೋಗುತ್ತಿರುವಾಗ ಡಬ್ಬಿ ಮೇಲಿನ ಸೂಚನೆ ಓದೋಕೆ ಆಗೋದಿಲ್ಲ.

ಈ ರಸ್ತೆ ಆಗಾಗ ಯಾಕೆ ಮುಚ್ಚುತ್ತಾರೆ ಅಂತ ಬೇಜಾರು ಮಾಡಿಕೊಳ್ಳುವವರಿದ್ದಾರೆ. ಕಾರಣ ಮೇಲಿನ ಇಳಿಜಾರುಗಳಲ್ಲಿದೆ. ಪಾಸ್‌ನ ಪಶ್ಚಿಮಕ್ಕೆ ವೆಲಿಂಗ್ಟನ್ ಅಂತ ಒಂದು ರೈಲು ನಿಲ್ದಾಣವಿತ್ತು. 1910ರಲ್ಲಿ ಹಿಮದಿಂದಾಗಿ ಎರಡು ರೈಲುಗಳು ದಿನಗಟ್ಟಲೆ ಅಲ್ಲೇ ಸಿಕ್ಕಿಹಾಕಿಕೊಂಡಿದ್ದವು. ಮಾರ್ಚ್ 1ರ ನಸುಕಿನಲ್ಲಿ ಮೇಲಿಂದ ಹಿಮ ಕುಸಿದು ಎರಡೂ ರೈಲುಗಳು ಕೊಳ್ಳಕ್ಕೆ ಬಿದ್ದವು. 96 ಜನ ಸತ್ತರು. ಅಮೆರಿಕದ ಇತಿಹಾಸದಲ್ಲೇ ಅತಿ ಹೆಚ್ಚು ಜೀವ ತೆಗೆದ ಹಿಮಕುಸಿತ ಅದು. ಆಮೇಲೆ ರೈಲ್ವೆಯವರು ಬೆಟ್ಟದ ಅಡಿಯಲ್ಲಿ ಸುಮಾರು 8 ಮೈಲಿ ಉದ್ದದ ಸುರಂಗ ಕೊರೆದು, 1929ರಲ್ಲಿ ಹಳೆಯ ದಾರಿಯನ್ನೇ ಬಿಟ್ಟರು. ಈಗ ಹೆದ್ದಾರಿಗೆ ಅಪಾಯವಿದ್ದರೆ ಸಂಚಾರ ನಿಲ್ಲಿಸಿ, ಸಡಿಲವಾದ ಹಿಮವನ್ನು ಬೇಕೆಂದೇ ಮೊದಲು ಬೀಳಿಸುತ್ತಾರೆ. ಅಂಥ ದಿನ ಕಾರಿನಲ್ಲಿ ಸುಮ್ನೆ ಕಾಯಿರಿ. ಅವರು ಮಾಡುತ್ತಿರೋದು ನಿಮ್ಮ ಜೀವ ಉಳಿಸುವ ಕೆಲಸ.

ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಿ, ಕೌಂಟರ್‌ನಲ್ಲಿ ಜಾಸ್ತಿ ಆಗುತ್ತದೆ. ಪಾರ್ಕಿಂಗ್‌ನ ನಿಯಮ ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತದೆ, ಹಿಂದಿನ ರಾತ್ರಿ ಒಮ್ಮೆ ನೋಡಿ.

ಈಗ ಬೂಟು. ಬಾಡಿಗೆ ಸಾಮಾನಿನಲ್ಲಿ ಸ್ಕೀಗಿಂತ ಬೂಟೇ ಮುಖ್ಯ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮ ಹೊಸಬಳಿಗೆ ಮೊದಲು ಕೊಟ್ಟ ಬೂಟು ಆರಾಮಾಗಿತ್ತು. "ಚೆನ್ನಾಗಿದೆ ಕಣೇ, ಚಪ್ಪಲಿ ಥರ ಇದೆ" ಅಂದಳು. ಚಪ್ಪಲಿ ಥರ ಇದ್ದರೆ ಅದು ದೊಡ್ಡದಾಯಿತು ಅಂತಲೇ ಅರ್ಥ. ನೇರವಾಗಿ ನಿಂತಾಗ ಬೆರಳು ಮುಂದಿನ ಗೋಡೆಗೆ ತಾಗಬೇಕು. ಮಂಡಿ ಮುಂದಕ್ಕೆ ಬಾಗಿಸಿದಾಗ ಬೆರಳು ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಏಳಬಾರದು. ಒಂದು ಸೈಜ್ ಕಮ್ಮಿ ಮಾಡಿಸಿದೆವು. ಒಂದೇ ಜೊತೆ ತೆಳ್ಳನೆ ಕಾಲುಚೀಲ ಹಾಕಿ. ಎರಡು ಹಾಕಿದರೆ ರಕ್ತ ಓಡೋದಿಲ್ಲ, ಚಳಿ ಇನ್ನೂ ಜಾಸ್ತಿ ಆಗುತ್ತದೆ. ಪ್ಯಾಂಟ್‌ನ ತುದಿ ಬೂಟಿನ ಒಳಗೆ ಸಿಕ್ಕಿಕೊಂಡಿದ್ದರೆ ಮಧ್ಯಾಹ್ನದ ಹೊತ್ತಿಗೆ ಮೊಣಕಾಲ ಕೆಳಗೆ ಕೆಂಪು ಗೆರೆ ಎದ್ದು ಉರಿಯುತ್ತದೆ. ಬಾಡಿಗೆ ಫಾರ್ಮ್‌ನಲ್ಲಿ ತೂಕ, ಎತ್ತರ, ವಯಸ್ಸು, ಅನುಭವ ಎಲ್ಲ ಇದ್ದದ್ದಿದ್ದಂತೆ ಬರೆಯಿರಿ. ಬಿದ್ದಾಗ ಸ್ಕೀ ಯಾವಾಗ ಕಳಚಿಕೊಳ್ಳಬೇಕು ಅನ್ನೋದನ್ನು ಅದರ ಮೇಲೇ ಹೊಂದಿಸುತ್ತಾರೆ. ತೂಕ ತಪ್ಪಾಗಿ ಹೇಳಿದರೆ ಮಂಡಿಗೆ ಪೆಟ್ಟು ಬೀಳಬಹುದು.

ಸಿದ್ಧವಾದ ಮೇಲೆ ನಾವು ಮಾಡಿದ ಮೊದಲ ಕೆಲಸ ಗುಂಪನ್ನು ಬಿಡಿಸಿದ್ದು. ಹೊಸಬಳು ಪಾಠಕ್ಕೆ ಹೋದಳು. ಗೆಳೆಯರೇ ಕಲಿಸಬಹುದಲ್ವಾ ಅಂತ ಕೇಳುತ್ತಾರೆ. ಬೇಡ. ಚೆನ್ನಾಗಿ ಸ್ಕೀ ಮಾಡೋದು ಬೇರೆ, ಹೇಳಿಕೊಡೋದು ಬೇರೆ. ಗೆಳೆಯರ ಮುಂದೆ ಹೆದರಿಕೆ ತೋರಿಸಿಕೊಳ್ಳೋಕೆ ಮನಸ್ಸು ಬರೋದಿಲ್ಲ, ಅಳು ಬಂದರೂ ನುಂಗಿಕೊಳ್ಳುತ್ತಾರೆ. ಟೀಚರ್ ಹತ್ತಿರ ಆ ಸಂಕೋಚ ಇರೋದಿಲ್ಲ. ಮಿಕ್ಕವರು ನಮ್ಮ ನಮ್ಮ ಲಿಫ್ಟ್‌ಗೆ ಹೋದೆವು. ಹನ್ನೊಂದೂವರೆಗೆ ಗ್ರ್ಯಾನೈಟ್ ಪೀಕ್ಸ್ ಲಾಡ್ಜ್ ಮುಂದೆ ಸೇರೋದು ಅಂತ ಮಾತಾಗಿತ್ತು. ಲಾಡ್ಜ್ ಹನ್ನೆರಡಕ್ಕೆ ಕಿಕ್ಕಿರಿಯುತ್ತದೆ, ಅದಕ್ಕೇ ಅರ್ಧ ಗಂಟೆ ಮುಂಚೆ. ಹೊತ್ತು ಮತ್ತು ಜಾಗ ಎರಡನ್ನೂ ಬಾಯಲ್ಲೇ ಹೇಳಿಕೊಳ್ಳಿ. ಚಳಿಗೆ ಫೋನ್ ಬ್ಯಾಟರಿ ಬೇಗ ಸಾಯುತ್ತದೆ. ಒಳಗಿನ ಜೇಬಿನಲ್ಲಿ, ಮೈಗೆ ಹತ್ತಿರ ಇಟ್ಟರೆ ಸ್ವಲ್ಪ ತಡೆಯುತ್ತದೆ.

ಊಟ ಆದ ಮೇಲೆ ಐವರೂ ಡೇಸಿ ಲಿಫ್ಟ್‌ಗೆ ಹೋದೆವು. ಹೊಸಬರಿಗೆ ಇದೇ ಜಾಗ. ಲಿಫ್ಟ್ ಹತ್ತೋದು ಸುಲಭ, ಇಳಿಯೋದಕ್ಕೆ ಎಲ್ಲರೂ ಹೆದರುತ್ತಾರೆ. ಅವಳ ಪಕ್ಕ ಕೂತು ನಾನು ಹೇಳಿದ್ದು ಇಷ್ಟೇ: ಕೋಲಿನ ಪಟ್ಟಿ ಮಣಿಕಟ್ಟಿನಿಂದ ತೆಗಿ, ಎರಡೂ ಕೋಲು ಒಂದೇ ಕೈಯಲ್ಲಿ ಹಿಡಿ, ಸ್ಕೀ ತುದಿ ಮೇಲೆತ್ತು, ನೆಲ ಸಿಕ್ಕ ಮೇಲೆ ಎದ್ದು ನಿಲ್ಲು, ತಿರುಗೋಕೆ ಹೋಗಬೇಡ, ನೇರ ಜಾರು. ಎದ್ದಳು. ಜಾರಿದಳು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನದು ದೂರ ಮಾಡಿ, ಬೆಳಗ್ಗೆ ಕಲಿತ ಹಾಗೆ ಹಿಮವನ್ನು ಉಜ್ಜುತ್ತ ನಿಂತಳು. ನಿಂತಲ್ಲೇ ಕೋಲು ಎರಡನ್ನೂ ಮೇಲೆತ್ತಿ "ನಿಲ್ತು ಕಣ್ರೋ!" ಅಂತ ಕೂಗಿದಳು. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡುವವನು ಅವಳ ಹಿಂದೆಯೇ, ಗುಂಪಿನ ಕೊನೆಯಲ್ಲಿ ಬರುತ್ತಿದ್ದ. ಇದು ನಾವು ಬಿಡದೆ ಪಾಲಿಸುವ ಕ್ರಮ. ಬಿದ್ದವರ ಸ್ಕೀ ಕಳಚಿ ಕೆಳಗೆ ಹೋದರೆ ಮೇಲೆ ಹತ್ತಿ ಬಂದು ಸಹಾಯ ಮಾಡೋದು ಕಷ್ಟ, ಮೇಲಿಂದ ಇಳಿದು ಬಂದು ಎತ್ತೋದು ಸುಲಭ. ಇನ್ನೊಂದು ಮಾತು. ಕೆಳಗೆ ಇರುವವರಿಗೇ ದಾರಿಯ ಹಕ್ಕು, ಮೇಲಿಂದ ಬರುವವರು ತಪ್ಪಿಸಿಕೊಂಡು ಹೋಗಬೇಕು. ನಿಲ್ಲೋದಾದರೆ ಅಂಚಿನಲ್ಲಿ, ಮೇಲಿನವರಿಗೆ ಕಾಣುವ ಹಾಗೆ ನಿಲ್ಲಿ. ದಿಬ್ಬದ ಕೆಳಗೆ ಮರೆಯಲ್ಲಿ ನಿಲ್ಲಲೇಬೇಡಿ.

ನಡುಮಟ್ಟದವರಿಗೆ ಹಾಗ್ಸ್‌ಬ್ಯಾಕ್ ಮತ್ತು ಸ್ಕೈಲೈನ್ ಸಾಕಷ್ಟು ಕೆಲಸ ಕೊಡುತ್ತವೆ. ಗಟ್ಟಿಗರು ಸೆವೆಂತ್ ಹೆವೆನ್ ಲಿಫ್ಟ್ ಹತ್ತಿ ಕೌಬಾಯ್ ಬೆಟ್ಟದ ಮೇಲಿನ ಕಪ್ಪು ವಜ್ರದ ಗುರುತಿನ, ಅಂದರೆ ತುಂಬ ಕಷ್ಟದ, ಇಳಿಜಾರುಗಳಿಗೆ ಹೋಗುತ್ತಾರೆ. ಅಲ್ಲಿ ಸುಲಭದ ದಾರಿ ಇಲ್ಲ, ಗೆಳೆಯರು ಕರೆದರು ಅಂತ ಹೋಗಬೇಡಿ. ನನಗೆ ಅತಿ ಇಷ್ಟ ಬೆಟ್ಟದ ಹಿಂಬದಿಯ ಮಿಲ್ ವ್ಯಾಲಿ. ಟೈ ಮಿಲ್ ಲಿಫ್ಟ್‌ನಲ್ಲಿ ಬೆಟ್ಟದ ನೆತ್ತಿಗೆ ಹೋಗಿ ಆ ಕಡೆ ಇಳಿಯಬೇಕು. ಹೆದ್ದಾರಿಯ ಸದ್ದು ಅಲ್ಲಿಗೆ ಬರೋದಿಲ್ಲ. ಉದ್ದನೆ ಇಳಿಜಾರುಗಳು, ಫರ್ ಮರಗಳು, ಜನ ಕಮ್ಮಿ. ಆದರೆ ಕೆಳಗೆ ಇಳಿದ ಮೇಲೆ ಜುಪಿಟರ್ ಅಥವಾ ಸದರ್ನ್ ಕ್ರಾಸ್ ಲಿಫ್ಟ್‌ನಲ್ಲೇ ವಾಪಸ್ ಮೇಲೆ ಬರಬೇಕು. ಹಿಂಬದಿಯ ಲಿಫ್ಟ್‌ಗಳು ಮುಂಭಾಗಕ್ಕಿಂತ ಬೇಗ ಮುಚ್ಚುತ್ತವೆ. ಆ ದಿನದ ಸಮಯ ಬೋರ್ಡ್‌ನಲ್ಲಿ ನೋಡಿಕೊಂಡೇ ಇಳಿಯಿರಿ.

ಇಲ್ಲಿನ ಹಿಮದ ಬಗ್ಗೆ ಸ್ವಲ್ಪ ಹೇಳಬೇಕು. ಪೆಸಿಫಿಕ್ ಸಮುದ್ರದ ತೇವ ನೇರ ಬಂದು ಕ್ಯಾಸ್ಕೇಡ್ ಬೆಟ್ಟಗಳಿಗೆ ತಾಗುತ್ತದೆ. ಪಾಸ್‌ನ ಎತ್ತರ 4,061 ಅಡಿ ಮಾತ್ರ. ಹಾಗಾಗಿ ಬೀಳುವ ಹಿಮ ರಾಶಿ ರಾಶಿ, ಆದರೆ ಒದ್ದೆ ಮರಳಿನಷ್ಟು ಭಾರ. ಇದನ್ನು ಇಲ್ಲಿನವರು ಕ್ಯಾಸ್ಕೇಡ್ ಕಾಂಕ್ರೀಟ್ ಅನ್ನುತ್ತಾರೆ. ಹವೆ ಒಂದೆರಡು ಡಿಗ್ರಿ ಏರಿದರೆ ಅದೇ ಹಿಮ ಮಳೆಯಾಗುತ್ತದೆ. ಇಂಥ ಭಾರದ ಹಿಮದಲ್ಲಿ ಹಿಂದಕ್ಕೆ ವಾಲಿದರೆ ಸ್ಕೀ ಮಾತು ಕೇಳೋದಿಲ್ಲ. ಎರಡೂ ಕಾಲಿನ ಮೇಲೆ ಹೆಚ್ಚುಕಮ್ಮಿ ಸಮ ಭಾರ ಹಾಕಿ, ಪ್ರತಿ ತಿರುವನ್ನು ಅವಸರ ಇಲ್ಲದೆ ಪೂರ್ತಿ ಮಾಡಿ. ಇಲ್ಲಿ ಕಲಿತವರು ಎಲ್ಲಿ ಹೋದರೂ ಸ್ಕೀ ಮಾಡಬಲ್ಲರು ಅನ್ನೋದು ನನ್ನ ಗಟ್ಟಿ ನಂಬಿಕೆ. ಬಟ್ಟೆ ನೀರು ತಡೆಯುವಂಥದ್ದೇ ಇರಲಿ, ಗ್ಲೌಸ್ ಎರಡು ಜೊತೆ ಇರಲಿ. ಮೊದಲ ಜೊತೆ ಮಧ್ಯಾಹ್ನಕ್ಕೆ ಹಿಂಡಿದರೆ ನೀರು ಬರುತ್ತದೆ. ಮೋಡ ಕವಿದು ಉಬ್ಬು ತಗ್ಗು ಕಾಣದೆ ಹೋದರೆ ಮರಗಳ ಪಕ್ಕದ ದಾರಿ ಹಿಡಿಯಿರಿ. ಕಪ್ಪು ಕಾಂಡ ಕಣ್ಣಿಗೆ ಸಿಕ್ಕರೆ ನೆಲದ ಅಂದಾಜು ಸಿಗುತ್ತದೆ. ಗಾಗಲ್ಸ್‌ಗೆ ಹಳದಿ ಅಥವಾ ತೆಳು ಗುಲಾಬಿ ಗಾಜು ಇದ್ದರೆ ಇನ್ನೂ ಒಳ್ಳೆಯದು.

ಮರಗಳ ಪಕ್ಕ ಅಂದೆ, ಮರಗಳ ಬುಡಕ್ಕೆ ಅಲ್ಲ. ಹೊಸ ಹಿಮ ಬಿದ್ದಾಗ ಫರ್ ಮರದ ಕೆಳಗಿನ ಕೊಂಬೆಗಳು ಹಿಮವನ್ನು ತಡೆದು, ಬುಡದ ಸುತ್ತ ಸಡಿಲ ಹಿಮದ ಹೊಂಡ ಆಗಿರುತ್ತದೆ. ಮೇಲಿಂದ ಏನೂ ಗೊತ್ತಾಗೋದಿಲ್ಲ. ಅದರೊಳಗೆ ತಲೆಕೆಳಗಾಗಿ ಬಿದ್ದವರು ತಾವಾಗಿ ಮೇಲೆ ಬರೋದು ತೀರಾ ಕಷ್ಟ, ಕೆಲವೇ ನಿಮಿಷದಲ್ಲಿ ಉಸಿರು ಕಟ್ಟುತ್ತದೆ. ಮರಗಳ ನಡುವೆ ಹೋಗುವವರು ಜೋಡಿಯಾಗಿ ಹೋಗಿ, ಒಬ್ಬರಿಗೊಬ್ಬರು ಕಾಣುವಷ್ಟು ಹತ್ತಿರ ಇರಿ. ಕೊರಳಲ್ಲಿ ಸೀಟಿ ಇರಲಿ, ಕೋಲಿನ ಪಟ್ಟಿ ಕೈಗೆ ಸುತ್ತಿರಬಾರದು. ಹಗ್ಗ ಕಟ್ಟಿ ಮುಚ್ಚಿದ ಜಾಗಕ್ಕೆ ನುಗ್ಗಬೇಡಿ, ಈ ರಾಜ್ಯದಲ್ಲಿ ಅದು ಅಪರಾಧ ಕೂಡ. ಕೌಬಾಯ್ ಬೆಟ್ಟದ ಆಚೆ, ರೆಸಾರ್ಟ್ ಗಡಿಯ ಹೊರಗೆ ಟನಲ್ ಕ್ರೀಕ್ ಇದೆ. 2012ರ ಫೆಬ್ರವರಿಯಲ್ಲಿ ಅಲ್ಲಿ ಹಿಮ ಕುಸಿದು ಮೂವರು ತೀರಿಕೊಂಡರು. ಅವರೆಲ್ಲ ನುರಿತವರೇ. ಗಡಿ ದಾಟುವ ಆಸೆ ಇದ್ದರೆ ಮೊದಲು ಹಿಮಕುಸಿತದ ತರಬೇತಿ ತಗೊಳ್ಳಿ, ಬೀಕನ್ (ಹಿಮದಡಿ ಸಿಕ್ಕವರನ್ನು ಹುಡುಕೋಕೆ ಸಿಗ್ನಲ್ ಕೊಡುವ ಯಂತ್ರ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಇಟ್ಟುಕೊಳ್ಳಿ, ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಆ ದಿನಕ್ಕೆ ಕೊಟ್ಟ ಮುನ್ಸೂಚನೆ ಓದಿ.

ಮಧ್ಯಾಹ್ನ ಮೂರರ ಹೊತ್ತಿಗೆ ಹೊಸಬಳ ತೊಡೆ ನಡುಗೋಕೆ ಶುರುವಾಯಿತು. "ಇನ್ನೊಂದೇ ಒಂದು ಸಲ" ಅಂದಳು. ಬೇಡ ಅಂದೆವು. ಕಾಲು ಸೋತ ಮೇಲಿನ ಆ ಇನ್ನೊಂದು ಸಲಕ್ಕೇ ಪೆಟ್ಟಾಗುವ ಸಾಧ್ಯತೆ ಜಾಸ್ತಿ. ಲಾಡ್ಜ್‌ನಲ್ಲಿ ಬೂಟು ಬಿಚ್ಚಿ ಕೂತೆವು. ನಾಲ್ಕರಿಂದ ಆರರವರೆಗೆ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ, ಗೋಲ್ಡ್ ಬಾರ್, ಸುಲ್ತಾನ್‌ನಲ್ಲಿ ಕಾರುಗಳ ಸಾಲು ಕರಗೋದೇ ಇಲ್ಲ. ಆ ಸಾಲಿನಲ್ಲಿ ಕೂರುವ ಬದಲು ಬೆಟ್ಟದಲ್ಲೇ ಇರೋದು ಒಳ್ಳೆಯದು. ಸ್ಟೀವನ್ಸ್‌ನಲ್ಲಿ ರಾತ್ರಿ ಸ್ಕೀಯಿಂಗ್ ಕೂಡ ಇದೆ, ಯಾವ ದಿನ ಅಂತ ಮೊದಲೇ ನೋಡಿಕೊಳ್ಳಿ. ಗಟ್ಟಿಗರಿಬ್ಬರು ದೀಪದ ಬೆಳಕಿನಲ್ಲಿ ಇನ್ನೂ ಒಂದು ಗಂಟೆ ಆಡಿಬಂದರು. ಕತ್ತಲಾದ ಮೇಲೆ ಒದ್ದೆ ರಸ್ತೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಓಡಿಸುವವರು ಯಾರು ಅಂತ ಬೆಳಗ್ಗೆಯೇ ತೀರ್ಮಾನಿಸಿ, ಅವರು ಬೇಗ ಸ್ಕೀ ನಿಲ್ಲಿಸಿ ವಿಶ್ರಾಂತಿ ತಗೊಳ್ಳಲಿ. ನಮ್ಮ ಕಾರು ಓಡಿಸಿದವನು ಮೂರಕ್ಕೇ ನಿಲ್ಲಿಸಿದ್ದ. ಏಳೂವರೆಗೆ ಹೊರಟು, ಎಲ್ಲೂ ನಿಲ್ಲದೆ ಮನ್ರೋ ದಾಟಿದೆವು.

ಮನೆ ಮುಟ್ಟಿದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಒಂದು ಕೆಲಸ ಬಿಡಬೇಡಿ. ಬೂಟು ನಿಮ್ಮದೇ ಆದರೆ ಒಳಗಿನ ಲೈನರ್ ಹೊರಗೆ ಎಳೆದು ಒಣಗಿಸಿ, ಹೀಟರ್‌ಗೆ ತೀರಾ ಹತ್ತಿರ ಇಡಬೇಡಿ. ಸ್ಕೀ ಅಂಚಿನ ನೀರು ಒರೆಸಿ, ಇಲ್ಲದಿದ್ದರೆ ರಾತ್ರಿ ಕಳೆಯೋದರೊಳಗೆ ತುಕ್ಕು ಹಿಡಿಯೋಕೆ ಶುರುವಾಗುತ್ತದೆ. ಚೈನ್ ಬಳಸಿದ್ದರೆ ತೊಳೆದು ಒಣಗಿಸಿ ಮತ್ತೆ ಡಿಕ್ಕಿಯಲ್ಲೇ ಇಡಿ. ಹೊಸಬಳು ಮಾರನೇ ದಿನ ಬೆಳಗ್ಗೆಯೇ ಮೆಸೇಜ್ ಕಳಿಸಿದ್ದಳು, ಮಾರ್ಚ್‌ನಲ್ಲಿ ಯಾವ ಶನಿವಾರ ಅಂತ.