ಮೀಟರ್ ಹೇಳುವ ಮೈಲೇಜ್, ಬಂಕ್ ಬಿಲ್ ಹೇಳುವ ಮೈಲೇಜ್: ಇಲ್ಲಿಯವರೆಗಿನ ಲೆಕ್ಕ

ನನ್ನ ಬೈಕಿನ ಡಿಸ್‌ಪ್ಲೇ ಲೀಟರಿಗೆ ಸರಾಸರಿ 49.9 ಕಿ.ಮೀ. ಅನ್ನುತ್ತದೆ. ಬಂಕ್ ಬಿಲ್ ಇಟ್ಟುಕೊಂಡು ಲೆಕ್ಕ ಹಾಕಿದರೆ 46.9 ಬರುತ್ತದೆ. ರಸ್ತೆ ಮೇಲೆ ನಿಜಕ್ಕೂ ಓಡಿದ ದೂರ ಹಿಡಿದರೆ 45.9. ಬೈಕು ಒಂದೇ, ಕುಡಿದ ಪೆಟ್ರೋಲೂ ಒಂದೇ, ಉತ್ತರ ಮಾತ್ರ ಮೂರು. ಎಲ್ಲಿ ಎಷ್ಟು ವ್ಯತ್ಯಾಸ ಸೇರಿಕೊಳ್ಳುತ್ತಿದೆ ಅಂತ ಬಿಡಿಸಿ ನೋಡೋಣ ಎಂದು ಬೇಸಿಗೆಯಲ್ಲಿ ಶುರು ಮಾಡಿದ ಕೆಲಸ ಇದು. ಈಗ ಒಂದು ಹಂತಕ್ಕೆ ಬಂದಿದೆ, ಹಾಗಾಗಿ ಬರೆದಿಡುತ್ತಿದ್ದೇನೆ.

ಬೈಕು 150 ಸಿಸಿ, ಬಿಎಸ್6, ಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಬಗೆ). ಓಡಾಟ ಹೆಚ್ಚಾಗಿ ದಾವಣಗೆರೆಯಿಂದ ಹರಿಹರಕ್ಕೆ, ಹಳೇ ಪಿ.ಬಿ. ರೋಡ್ ಮೇಲೆ. ರಜೆ ಸಿಕ್ಕರೆ ಚಿತ್ರದುರ್ಗದ ಕಡೆ ಹೈವೇ, ಅಪರೂಪಕ್ಕೆ ಹೊನ್ನಾಳಿ, ಶಿವಮೊಗ್ಗ ದಾಟಿ ಆಗುಂಬೆ.

ಮೇ: ಅಳೆಯುವ ಕ್ರಮ

ಕಾರ್ಬ್ಯುರೇಟರ್ ಕಾಲದಲ್ಲಿ ಮೈಲೇಜ್ ನೋಡಲು ಎರಡು ದಾರಿ ಇದ್ದವು. ಒಂದು, ರಿಸರ್ವ್‌ನಿಂದ ರಿಸರ್ವ್‌ಗೆ: ಗಾಡಿ ಮುಗ್ಗರಿಸಿದ ಕೂಡಲೇ ನಾಬ್ ತಿರುಗಿಸಿ, ಕಿಲೋಮೀಟರ್ ನೆನಪಿಟ್ಟುಕೊಂಡು, ಅಳತೆಯ ಪೆಟ್ರೋಲ್ ಹಾಕಿಸಿ, ಮತ್ತೆ ರಿಸರ್ವ್ ಬೀಳುವವರೆಗೆ ಓಡಿಸುವುದು. ಇನ್ನೊಂದು ಗ್ಯಾರೇಜಿನವರ ಬಾಟಲಿ ಟೆಸ್ಟ್: 100 ಎಂಎಲ್ ಪೆಟ್ರೋಲ್ ತುಂಬಿದ ಬಾಟಲಿಯನ್ನು ನೇರ ಕಾರ್ಬ್ಯುರೇಟರ್ ಪೈಪಿಗೆ ಸಿಕ್ಕಿಸಿ, ಖಾಲಿಯಾಗಿ ಗಾಡಿ ನಿಲ್ಲುವವರೆಗೆ ಓಡಿಸುವುದು. ಎರಡೂ ಒಳ್ಳೆಯ ಉಪಾಯಗಳೇ. ಎಫ್‌ಐ ಬೈಕಿಗೆ ಎರಡೂ ಒಗ್ಗುವುದಿಲ್ಲ. ರಿಸರ್ವ್ ನಾಬ್ ಇಲ್ಲ, ಇರುವುದು ಎಚ್ಚರಿಕೆಯ ದೀಪ. ಅದು ಏರಿನಲ್ಲಿ ಒಂದು ಹೊತ್ತಿಗೆ, ಇಳಿಜಾರಿನಲ್ಲಿ ಇನ್ನೊಂದು ಹೊತ್ತಿಗೆ ಹತ್ತುತ್ತದೆ. ಬಾಟಲಿ ಕಟ್ಟೋಣವೆಂದರೆ ಪಂಪ್ ಇರುವುದು ಟ್ಯಾಂಕ್ ಒಳಗೆ. ಸುಮ್ಮನೆ ಮೇಲಿಂದ ಇಳಿಬಿಟ್ಟ ಪೆಟ್ರೋಲಿನಲ್ಲಿ ಇಂಜೆಕ್ಟರ್ ಕೆಲಸ ಮಾಡುವುದಿಲ್ಲ, ಅದಕ್ಕೆ ಒತ್ತಡ ಬೇಕು.

ಉಳಿದದ್ದು ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್. ಕೇಳಲು ಸುಲಭ. ಆದರೆ "ಫುಲ್" ಅಂದರೆ ಎಲ್ಲಿಯವರೆಗೆ ಎನ್ನುವುದರಲ್ಲೇ ಅರ್ಧ ಲೆಕ್ಕ ಕೂತಿದೆ. ಸೈಡ್ ಸ್ಟ್ಯಾಂಡ್ ಮೇಲೆ ಗಾಡಿ ವಾಲಿಸಿ ತುಂಬಿದರೆ ಒಂದು ಮಟ್ಟ, ಸೆಂಟರ್ ಸ್ಟ್ಯಾಂಡ್ ಹಾಕಿದರೆ ಇನ್ನೊಂದು. ಬಂಕ್ ಹುಡುಗ ನಾಜಲ್ ಅನ್ನು ಎಷ್ಟು ಒಳಗೆ ಇಳಿಸಿದ್ದಾನೆ ಎನ್ನುವುದರ ಮೇಲೆ ಆಟೋ ಕಟ್ ಹಿಂದೆ ಮುಂದೆ ಆಗುತ್ತದೆ. ಬಾಯಿ ಅಂಚಿನವರೆಗೆ ತುಂಬಿಸಿದರೆ ಎಲ್ಲ ಸಲವೂ ಒಂದೇ ಮಟ್ಟ ಸಿಗುತ್ತದೆ ನಿಜ. ಆದರೆ ಈಗಿನ ಗಾಡಿಗಳಲ್ಲಿ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿ ಇರುತ್ತದೆ. ಅಂಚಿನವರೆಗೆ ತುಂಬಿದರೆ ಆ ಪೈಪಿನೊಳಗೆ ಪೆಟ್ರೋಲೇ ಇಳಿದು ಡಬ್ಬಿ ಹಾಳಾಗಬಹುದು. ಹಾಗಾಗಿ ಟ್ಯಾಂಕ್ ಬಾಯಿಯ ಕೆಳಗಿನ ತಗಡಿನ ಪಟ್ಟಿಗೆ ಪೆಟ್ರೋಲ್ ಮುಟ್ಟುವ ಹೊತ್ತಿಗೆ ನಿಲ್ಲಿಸುವುದು ಎಂದು ಗೊತ್ತು ಮಾಡಿಕೊಂಡೆ. ಒಂದೇ ಬಂಕ್, ಅದೇ ಪಂಪ್, ಸೆಂಟರ್ ಸ್ಟ್ಯಾಂಡ್, ಬೆಳಗಿನ ಹೊತ್ತು. ಬಿಲ್ ಕಾಗದದ ಮೇಲಿನ ಅಕ್ಷರ ಸ್ವಲ್ಪ ದಿನಕ್ಕೆ ಮಾಸಿಹೋಗುತ್ತದೆ, ಆದ್ದರಿಂದ ಪಂಪಿನ ಡಿಸ್‌ಪ್ಲೇ ಮತ್ತು ಓಡೋಮೀಟರ್ (ಬೈಕು ಓಡಿದ ದೂರ ತೋರಿಸುವ ಮೀಟರ್) ಎರಡರದ್ದೂ ಫೋಟೋ ಅಲ್ಲೇ ತೆಗೆದುಕೊಳ್ಳುತ್ತೇನೆ.

ಇಷ್ಟು ಜೋಪಾನ ಮಾಡಿದರೂ ಮಟ್ಟದಲ್ಲಿ 100 ಎಂಎಲ್ ಆಚೆ ಈಚೆ ಆಗೇ ಆಗುತ್ತದೆ. ಏಳು ಲೀಟರ್ ಹಿಡಿಸಿದಾಗ ಅದು ಶೇ. 1.5ರಷ್ಟು. ಇನ್ನೂರು ರೂಪಾಯಿಗೆ ಹಾಕಿಸಿ ಲೆಕ್ಕ ಮಾಡುವವರಿಗೆ ಅದೇ 100 ಎಂಎಲ್ ಶೇ. 5 ಆಗುತ್ತದೆ, ಯಾಕೆಂದರೆ ಇನ್ನೂರು ರೂಪಾಯಿಗೆ ಎರಡು ಲೀಟರೂ ಬರುವುದಿಲ್ಲ. "ಹೋದ ಸಲ 50 ಕೊಡ್ತು, ಈ ಸಲ 46ಕ್ಕೆ ಇಳೀತು, ಸರ್ವೀಸ್ ಸರಿಯಾಗಿ ಮಾಡಿಲ್ಲ" ಎಂದು ಬೇಸರ ಪಡುವವರಲ್ಲಿ ಹೆಚ್ಚಿನವರ ಗಾಡಿಗೆ ಏನೂ ಆಗಿರುವುದಿಲ್ಲ. ಆ ನಾಲ್ಕು ಕಿಲೋಮೀಟರ್ ಇರುವುದು ತುಂಬಿಸಿದ ಮಟ್ಟದಲ್ಲಿ.

ಇದಕ್ಕೆ ಮದ್ದು ಸುಲಭ: ಬಿಡಿಬಿಡಿ ಲೆಕ್ಕ ಬಿಟ್ಟು ಮೊತ್ತ ಹಿಡಿಯುವುದು. ಈ ಸಲ 100 ಎಂಎಲ್ ಹೆಚ್ಚು ಹಿಡಿಸಿದ್ದರೆ ಮುಂದಿನ ಸಲ ಅಷ್ಟೇ ಕಡಿಮೆ ಹಿಡಿಸುತ್ತದೆ, ನಡುವಿನ ಏರುಪೇರು ಒಂದನ್ನೊಂದು ಹೊಡೆದುಹಾಕುತ್ತದೆ. ಕೊನೆಗೆ ಉಳಿಯುವುದು ಮೊದಲನೆಯ ಮತ್ತು ಕೊನೆಯ ಮಟ್ಟದ ವ್ಯತ್ಯಾಸ ಮಾತ್ರ. ಹಾಗೆಂದು ಬಿಡಿ ಮೈಲೇಜ್‌ಗಳನ್ನು ಕೂಡಿಸಿ ಸರಾಸರಿ ತೆಗೆಯಬಾರದು. 150 ಕಿ.ಮೀ. 50ರಂತೆ ಓಡಿ, ಇನ್ನೊಂದು 150 ಕಿ.ಮೀ. 30ರಂತೆ ಓಡಿದರೆ ಸರಾಸರಿ 40 ಆಗುವುದಿಲ್ಲ. ಮೂರು ಲೀಟರ್, ಐದು ಲೀಟರ್, ಒಟ್ಟು ಎಂಟಕ್ಕೆ 300 ಕಿ.ಮೀ., ಅಂದರೆ 37.5. ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು.

ಜೂನ್: ಅಂಕಿ

ಅಚ್ಚುಕಟ್ಟಾಗಿ ದಾಖಲಾದ ಮೂರು ಟ್ಯಾಂಕ್‌ಗಳು (ಕೈಲೆಕ್ಕ ಅಂದರೆ ಓಡೋಮೀಟರಿನ ದೂರವನ್ನು ಬಂಕ್ ಲೀಟರಿನಿಂದ ಭಾಗಿಸಿದ್ದು):

ಹರಿಹರದ ಓಡಾಟ: 312.4 ಕಿ.ಮೀ., 6.71 ಲೀ., ಕೈಲೆಕ್ಕ 46.6, ಡಿಸ್‌ಪ್ಲೇ 49.8
ಊರು ಮತ್ತು ಹೈವೇ ಮಿಶ್ರ: 268.9 ಕಿ.ಮೀ., 5.94 ಲೀ., ಕೈಲೆಕ್ಕ 45.3, ಡಿಸ್‌ಪ್ಲೇ 48.1
ಆಗುಂಬೆಗೆ ಹೋಗಿಬಂದದ್ದು: 341.0 ಕಿ.ಮೀ., 7.02 ಲೀ., ಕೈಲೆಕ್ಕ 48.6, ಡಿಸ್‌ಪ್ಲೇ 51.4

ಒಟ್ಟು 922.3 ಕಿ.ಮೀ.ಗೆ 19.67 ಲೀಟರ್, 46.9. ಡಿಸ್‌ಪ್ಲೇ ಮಾತು ನಂಬಿದರೆ ಅಷ್ಟೇ ದೂರಕ್ಕೆ 18.5 ಲೀಟರ್ ಸಾಕಾಗಬೇಕಿತ್ತು. ಅಂದರೆ ಡಿಸ್‌ಪ್ಲೇ ಶೇ. 6ರಷ್ಟು ಮೇಲೆ ಹೇಳುತ್ತಿದೆ, ಮೂರೂ ಟ್ಯಾಂಕ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು, ಯಾಕೆಂದರೆ ಈ ಬಗ್ಗೆ ಮಾತಾಡುವ ಹೆಚ್ಚಿನವರು ಇದನ್ನು ದಾಟಿ ಹೋಗುತ್ತಾರೆ. "ಓಡೋಮೀಟರ್ ಜಾಸ್ತಿ ಓಡುತ್ತೆ, ಅದಕ್ಕೇ ಡಿಸ್‌ಪ್ಲೇ ಜಾಸ್ತಿ ತೋರಿಸುತ್ತೆ" ಅನ್ನುತ್ತಾರೆ. ಆದರೆ ಕೈಲೆಕ್ಕಕ್ಕೂ ಅದೇ ಓಡೋಮೀಟರ್ ತಾನೇ? ದೂರದಲ್ಲಿ ತಪ್ಪಿದ್ದರೆ ಅದು ಎರಡು ಉತ್ತರಕ್ಕೂ ಸಮನಾಗಿ ಸೇರುತ್ತದೆ. 49.9 ಮತ್ತು 46.9ರ ನಡುವಿನ ಅಂತರಕ್ಕೂ ದೂರಕ್ಕೂ ಯಾವ ಸಂಬಂಧವೂ ಇಲ್ಲ. ಆ ಅಂತರ ಪೂರ್ತಿ ಲೀಟರಿನದ್ದು. ಒಂದೋ ಬಂಕ್ ಹೇಳಿದ ಲೀಟರ್ ಸುಳ್ಳು, ಇಲ್ಲವೇ ಬೈಕ್ ಎಣಿಸಿದ ಲೀಟರ್ ಸುಳ್ಳು.

ಬಂಕನ್ನು ಮೊದಲು ನೋಡಿದೆ. ಎಲ್ಲ ಬಂಕ್‌ಗಳಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಐದು ಲೀಟರಿನ ಅಳತೆ ಪಾತ್ರೆ ಇರಬೇಕು, ಗ್ರಾಹಕ ಕೇಳಿದರೆ ಹಿಡಿದು ತೋರಿಸಬೇಕು. ಕೇಳಲು ಸಂಕೋಚ ಪಡಬೇಕಾದ್ದಿಲ್ಲ. "ಬನ್ನಿ ಸಾರ್, ನೀವೇ ನೋಡ್ರಿ" ಎಂದು ಅಲ್ಲಿನ ಹುಡುಗ ಪಾತ್ರೆಯನ್ನು ಸಮತಟ್ಟು ನೆಲದ ಮೇಲಿಟ್ಟು, ಮೊದಲು ಒಂದು ಸಲ ಒಳಗೆಲ್ಲ ಪೆಟ್ರೋಲ್ ತಾಗಿಸಿ ಬಗ್ಗಿಸಿ, ಆಮೇಲೆ ಐದು ಲೀಟರ್ ಹಿಡಿದ. ಕತ್ತಿನ ಗಾಜಿನಲ್ಲಿ ಪೆಟ್ರೋಲ್ ಗೆರೆಯ ಹತ್ತಿರವೇ ನಿಂತಿತು. ಐದು ಲೀಟರಿಗೆ ಇರುವ ಮಿತಿ 25 ಎಂಎಲ್, ಅಂದರೆ ಶೇ. 0.5. ಹೆಚ್ಚೆಂದರೂ ಅಷ್ಟು. ಇನ್ನು ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ, 10 ಡಿಗ್ರಿಗೆ ಸುಮಾರು ಶೇ. 1. ಅದಕ್ಕೇ ಬೆಳಗಿನ ಹೊತ್ತು. ಎರಡನ್ನೂ ಸೇರಿಸಿದರೂ ಆರರ ಹತ್ತಿರಕ್ಕೆ ಬರುವುದಿಲ್ಲ.

ಬೈಕ್ ಲೀಟರ್ ಎಣಿಸುವ ಬಗೆ

ಬೈಕಿನಲ್ಲಿ ಪೆಟ್ರೋಲ್ ಅಳೆಯುವ ಮೀಟರ್ ಯಾವುದೂ ಇಲ್ಲ. ಇಂಜೆಕ್ಟರ್ ಒಂದೊಂದು ಸಲವೂ ಕೆಲವು ಸಾವಿರದ ಒಂದಂಶ ಸೆಕೆಂಡ್ ತೆರೆದು ಮುಚ್ಚುತ್ತದೆ. ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಆ ಸಮಯವನ್ನು ಕೂಡಿಸುತ್ತಾ ಹೋಗಿ, ಇಷ್ಟು ಹೊತ್ತಿಗೆ ಇಷ್ಟು ಪೆಟ್ರೋಲ್ ಹೋಗಿರಬೇಕು ಎಂದು ಒಂದು ನಿಗದಿತ ಸಂಖ್ಯೆಯಿಂದ ಗುಣಿಸುತ್ತದೆ. ನಲ್ಲಿ ಎಷ್ಟು ನಿಮಿಷ ಬಿಟ್ಟಿತ್ತು ಎಂದು ಕೇಳಿ ಎಷ್ಟು ಕೊಡ ತುಂಬಿದೆ ಎಂದು ಹೇಳಿದಂತೆ. ನೀರಿನ ರಭಸ ಅಂದುಕೊಂಡಷ್ಟೇ ಇದ್ದರೆ ಲೆಕ್ಕ ಸರಿ, ಸ್ವಲ್ಪ ಹೆಚ್ಚಿದ್ದರೆ ಎಲ್ಲ ಕೊಡವೂ ಅಷ್ಟರಷ್ಟು ತಪ್ಪು.

ರಭಸ ಬದಲಾಗಲು ಕಾರಣ ಹಲವು. ಪಂಪಿನ ಒತ್ತಡ ಸಾಮಾನ್ಯವಾಗಿ 3 ಬಾರ್ ಸುತ್ತಮುತ್ತ ಇರುತ್ತದೆ, ರೆಗ್ಯುಲೇಟರ್ ಸ್ವಲ್ಪ ಮೇಲೆ ಕೆಳಗಾದರೂ ಹರಿವು ಬದಲಾಗುತ್ತದೆ. ಒಂದೇ ಮಾದರಿಯ ಎರಡು ಇಂಜೆಕ್ಟರ್ ಪಕ್ಕಾ ಒಂದೇ ಸಮ ಇರುವುದಿಲ್ಲ. ಕರೆಂಟ್ ಬಂದ ಮೇಲೆ ಇಂಜೆಕ್ಟರಿನ ಬಾಯಿ ತೆರೆಯುವ ಸೂಜಿ ಮೇಲೇಳಲು ಒಂದು ಚೂರು ಹೊತ್ತು ಬೇಕು, ಆ ಹೊತ್ತು ಬ್ಯಾಟರಿ ವೋಲ್ಟೇಜ್ ಮೇಲೆ ನಿಂತಿದೆ. ಇದ್ದಿಲಿನ ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ಆವಿ ಇಂಜೆಕ್ಟರ್ ದಾಟುವುದೇ ಇಲ್ಲ, ಹಾಗಾಗಿ ಎಣಿಕೆಗೂ ಸಿಗುವುದಿಲ್ಲ, ಅದು ಸ್ವಲ್ಪವೇ ಆದರೂ.

ಇವುಗಳಲ್ಲಿ ನನ್ನ ಬೈಕಿಗೆ ಯಾವುದು ದೊಡ್ಡದು? ಸೂಜಿ ಏಳುವ ಹೊತ್ತಿನ ತಪ್ಪಾಗಿದ್ದರೆ, ಇಂಜೆಕ್ಟರ್ ಚಿಕ್ಕಚಿಕ್ಕದಾಗಿ ತೆರೆಯುವ ಊರೊಳಗಿನ ಓಡಾಟದಲ್ಲಿ ಅಂತರ ಎದ್ದು ಕಾಣಬೇಕಿತ್ತು. ಹರಿಹರದ ಟ್ಯಾಂಕ್‌ನಲ್ಲಿ ಶೇ. 7, ಆಗುಂಬೆಯದರಲ್ಲಿ ಶೇ. 5.8. ಈ ವ್ಯತ್ಯಾಸ ತುಂಬಿಸುವ ಮಟ್ಟದ ಏರುಪೇರಿನೊಳಗೇ ಅಡಗಿಹೋಗುತ್ತದೆ. ಹಾಗಾಗಿ ಗುಣಿಸುವ ಆ ನಿಗದಿತ ಸಂಖ್ಯೆಯೇ ನನ್ನ ಇಂಜೆಕ್ಟರಿಗೆ ಶೇ. 6 ಕಡಿಮೆ ಕೂತಿದೆ ಎನ್ನುವುದು ನನ್ನ ತೀರ್ಮಾನ.

ಸ್ನೇಹಿತರೊಬ್ಬರು ಇದು ಎಥೆನಾಲ್‌ನದ್ದೇ ಎಂದು ಪಟ್ಟು ಹಿಡಿದರು. ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾದದ್ದು, ಈಗ ಎಲ್ಲ ಕಡೆ ಅದೇ. ಎಥೆನಾಲ್‌ನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಶೇ. 20 ಬೆರೆಸಿದರೆ ಶುದ್ಧ ಪೆಟ್ರೋಲಿಗೆ ಹೋಲಿಸಿ ಶೇ. 6ರಿಂದ 7 ಕಡಿಮೆ. ಸಂಖ್ಯೆ ಹೊಂದಿಕೊಂಡಿದ್ದರಿಂದ ಅವರ ಮಾತು ಸರಿ ಅನಿಸುತ್ತದೆ. ಆದರೆ ಇ20ಯಿಂದ ಇಳಿಯುವುದು ಮೈಲೇಜ್, ಡಿಸ್‌ಪ್ಲೇಗೂ ಕೈಲೆಕ್ಕಕ್ಕೂ ನಡುವೆ ಅಂತರ ಹುಟ್ಟುವುದಿಲ್ಲ. ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ಮಿಶ್ರಣ ತೆಳುವಾಯಿತು ಎಂದು ಹೇಳಿದ ಕೂಡಲೇ ಇಸಿಯು ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆಯುತ್ತದೆ, ಆ ಹೆಚ್ಚಿನ ಹೊತ್ತೂ ಎಣಿಕೆಗೆ ಸೇರುತ್ತದೆ. ಕೈಲೆಕ್ಕವೂ ಇಳಿಯುತ್ತದೆ, ಡಿಸ್‌ಪ್ಲೇಯೂ ಇಳಿಯುತ್ತದೆ.

ದೂರ ಸರಿಯೇ?

ಇದು ಬೇರೆಯದೇ ಪ್ರಶ್ನೆ. ಸ್ಪೀಡೋಮೀಟರ್ ಮೇಲೆ ತೋರಿಸುವುದು ಎಲ್ಲರಿಗೂ ಗೊತ್ತು: ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು ಎಂಬ ನಿಯಮ ಇರುವುದರಿಂದ ಕಂಪನಿಗಳು ಸ್ವಲ್ಪ ಮೇಲಕ್ಕೇ ಇಟ್ಟಿರುತ್ತವೆ. ಆದರೆ ಆ ಹೆಚ್ಚುವರಿ ಓಡೋಮೀಟರಿಗೆ ಹಾಗೇ ಬರುವುದಿಲ್ಲ, ಅದರ ಲೆಕ್ಕ ಪ್ರತ್ಯೇಕ.

ಚಿತ್ರದುರ್ಗದ ಕಡೆ ಎನ್‌ಎಚ್ 48ರ ನೇರ ರಸ್ತೆಯಲ್ಲಿ ಮೈಲಿಗಲ್ಲು ಹಿಡಿದು ನೋಡಿದೆ, ಜೊತೆಗೆ ಫೋನಿನ ಜಿಪಿಎಸ್. ಕಲ್ಲು ಒಂದನ್ನೇ ನಂಬುವ ಹಾಗಿಲ್ಲ, ರಸ್ತೆ ಅಗಲ ಮಾಡುವಾಗ ಜಾಗ ಬದಲಾಗಿರುತ್ತದೆ. ಜಿಪಿಎಸ್ ಒಂದನ್ನೇ ನಂಬಿದರೆ ಘಾಟಿಯ ತಿರುವುಗಳಲ್ಲಿ ಮೂಲೆ ಕತ್ತರಿಸಿಬಿಡುತ್ತದೆ. ನೇರ ರಸ್ತೆಯಲ್ಲಿ ಎರಡೂ ಒಪ್ಪಿದವು: 50 ಕಿ.ಮೀ.ಗೆ ಬೈಕು 51.1 ತೋರಿಸಿತು. ಶೇ. 2.2 ಹೆಚ್ಚು. 46.9 ಅನ್ನು 1.022ರಿಂದ ಭಾಗಿಸಿದರೆ ಬರುವುದೇ 45.9.

ನನ್ನ ಬೈಕಿನಲ್ಲಿ ದೂರದ ಲೆಕ್ಕ ಮುಂದಿನ ಚಕ್ರದ ಎಬಿಎಸ್ ರಿಂಗ್‌ನಿಂದ (ಚಕ್ರದ ಸುತ್ತು ಎಣಿಸಲು ಇರುವ ಬಳೆ) ಬರುತ್ತದೆ. ಟೈರ್ 90/90-17, ಹೊಸದರ ವ್ಯಾಸ ಸುಮಾರು 594 ಮಿ.ಮೀ. ಈಗ 3 ಮಿ.ಮೀ. ಸವೆದಿದೆ, ವ್ಯಾಸದಲ್ಲಿ 6 ಮಿ.ಮೀ. ಹೋಯಿತು. ಚಕ್ರ ಅಷ್ಟೇ ದೂರಕ್ಕೆ ಶೇ. 1 ಹೆಚ್ಚು ಸುತ್ತುತ್ತದೆ, ಓಡೋಮೀಟರ್ ಅಷ್ಟು ಹೆಚ್ಚು ಬರೆದುಕೊಳ್ಳುತ್ತದೆ. ಗೇರ್‌ಬಾಕ್ಸ್ ಕಡೆಯಿಂದ ಎಣಿಸುವ ಬೈಕ್‌ಗಳ ಕಥೆ ಬೇರೆ. ಅಂಥದ್ದರಲ್ಲಿ ಹಿಂದಿನ ಸ್ಪ್ರಾಕೆಟ್ 42 ಹಲ್ಲಿನಿಂದ 40ಕ್ಕೆ ಬದಲಿಸಿದರೆ ಗಾಡಿ ಓಡಿದ್ದಕ್ಕಿಂತ ಸುಮಾರು ಶೇ. 5 ಕಡಿಮೆ ದೂರ ದಾಖಲಾಗುತ್ತದೆ, ಮೈಲೇಜ್ ಬಿದ್ದುಹೋಯಿತು ಎಂಬ ಗಾಬರಿ ಶುರುವಾಗುತ್ತದೆ.

ಆಷಾಢ: ಡಿಸ್‌ಪ್ಲೇ ಗೆದ್ದ ಕಡೆ

ಇಷ್ಟೆಲ್ಲ ಆದ ಮೇಲೆ ಡಿಸ್‌ಪ್ಲೇ ಮೇಲೆ ನನಗೆ ಗೌರವ ಹೆಚ್ಚಾಗಿದೆ. ಅದರ ಸಂಖ್ಯೆ ತಪ್ಪು, ಆದರೆ ತಪ್ಪು ಪ್ರತಿ ಸಲವೂ ಒಂದೇ ಅಳತೆಯದ್ದು. ಒಂದೇ ದಿನದ ಎರಡು ಓಟಗಳನ್ನು ಹೋಲಿಸಬೇಕಾದಾಗ ಕೈಲೆಕ್ಕ ಅದರ ಹತ್ತಿರಕ್ಕೂ ಬರುವುದಿಲ್ಲ.

ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳೆಲ್ಲ ರಭಸದಿಂದ ತಿರುಗುವ ಒಂದು ದಿನ ಹೋಗಿಬಂದೆ. ಪಶ್ಚಿಮದ ಗಾಳಿ, ಎರಡೂ ಕಡೆ 65ರ ವೇಗ, ಎರಡೂ ತುದಿಯಲ್ಲಿ ಟ್ರಿಪ್ ಸೊನ್ನೆ ಮಾಡಿಕೊಂಡು. ಹೋಗುವಾಗ 52.3, ಬರುವಾಗ 44.6. ಚಿತ್ರದುರ್ಗ ದಾವಣಗೆರೆಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಅಂದರೆ ಹೋಗುವಾಗ ಒಟ್ಟಾರೆ ಏರು, ಬರುವಾಗ ಇಳಿತ. ಇಳಿತ ಕೊಟ್ಟದ್ದನ್ನೆಲ್ಲ ಎದುರುಗಾಳಿ ನುಂಗಿ ಮೇಲೆ ಇನ್ನಷ್ಟು ಕಿತ್ತುಕೊಂಡಿದೆ. ಒಂದೂಕಾಲು ಲೀಟರಿನ ಆಸುಪಾಸು ಕುಡಿಯುವ ಓಟದಲ್ಲಿ ಇದನ್ನು ಫುಲ್ ಟ್ಯಾಂಕ್ ಲೆಕ್ಕದಿಂದ ಹಿಡಿಯಹೊರಟರೆ 100 ಎಂಎಲ್ ಏರುಪೇರಿಗೇ ಶೇ. 8 ಹೋಗುತ್ತದೆ.

ಆಗುಂಬೆ ಘಾಟಿ ಇಳಿಯುವಾಗ ಥ್ರಾಟಲ್ ಮುಚ್ಚಿ ಗೇರಿನಲ್ಲೇ ಬಿಟ್ಟರೆ ಆ ಕ್ಷಣದ ಮೈಲೇಜ್ 99.9ಕ್ಕೆ ಹೋಗಿ ನಿಲ್ಲುತ್ತದೆ. ಇಸಿಯು ಇಂಜೆಕ್ಟರನ್ನು ಪೂರ್ತಿ ನಿಲ್ಲಿಸಿರುತ್ತದೆ, ಪೆಟ್ರೋಲ್ ಸೊನ್ನೆ. ಅದೇ ಇಳಿಜಾರಿನಲ್ಲಿ ಕ್ಲಚ್ ಹಿಡಿದರೆ ಎಂಜಿನ್ ಐಡ್ಲಿಂಗ್‌ಗೆ ಬಂದು ಪೆಟ್ರೋಲ್ ಕುಡಿಯಲು ಶುರು ಮಾಡುತ್ತದೆ. ಪೆಟ್ರೋಲ್ ಉಳಿಯಲಿ ಎಂದು ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವವರು ಇದನ್ನು ಗಮನಿಸಬೇಕು. ಉಳಿತಾಯವೂ ಇಲ್ಲ, ಬ್ರೇಕ್ ಮೇಲಿನ ಭಾರವೂ ಹೆಚ್ಚು.

ಈಗ

ನನ್ನ ಲೆಕ್ಕದ ಶೀಟ್‌ನಲ್ಲಿ ಎರಡು ಗುಣಕ ಕೂತಿವೆ. ಡಿಸ್‌ಪ್ಲೇ ಸಂಖ್ಯೆಗೆ 0.94 ಗುಣಿಸಿದರೆ ಬಂಕ್ ಲೆಕ್ಕ, ಅದನ್ನು 1.022ರಿಂದ ಭಾಗಿಸಿದರೆ ರಸ್ತೆಯ ಲೆಕ್ಕ. ಟ್ಯಾಂಕ್‌ನಲ್ಲಿ 10 ಲೀಟರ್ ಇದ್ದರೆ ಡಿಸ್‌ಪ್ಲೇ ಪ್ರಕಾರ 499 ಕಿ.ಮೀ. ಹೋಗಬಹುದು, ರಸ್ತೆಯ ಲೆಕ್ಕದಲ್ಲಿ 459. ದೂರದ ಊರಿಗೆ ಹೊರಟಾಗ ಆ 40 ಕಿ.ಮೀ. ಕಳೆದೇ ಬಂಕ್ ಎಲ್ಲಿ ಎಂದು ನೋಡುತ್ತೇನೆ.

ಮುಂದಿನ ಟೈರ್ ಬದಲಿಸುವ ಸಮಯ ಹತ್ತಿರ ಬಂದಿದೆ. ಅದೇ ಅಳತೆಯ ಹೊಸ ಟೈರ್ ಹಾಕಿಸಿ, ಅದೇ ಕಲ್ಲಿನಿಂದ ಅದೇ ಕಲ್ಲಿಗೆ ಓಡಿಸಿದರೆ 1.022 ಇಳಿದು 1.012ರ ಹತ್ತಿರ ಬರಬೇಕು. 0.94 ಮಾತ್ರ ಕದಲಬಾರದು. ಅದೂ ಕದಲಿದರೆ ಇಂಜೆಕ್ಟರ್ ಬಗ್ಗೆ ಮೇಲೆ ಬರೆದದ್ದನ್ನು ಮೊದಲಿನಿಂದ ನೋಡಬೇಕಾಗುತ್ತದೆ.